ಹ್ಯಾಂಡ್ಲರ್ ‘ಮುಗಿದ ಮೇಲೆ’ ಅಂದ್ರೆ ಯಾವಾಗ?

ವೆಬ್ ಕೋಡ್ ಬರೆಯುವ ಗೆಳೆಯರ ಮುಂದೆ ಮಾತಾಡಿದ್ದನ್ನು ಕೇಳಿದವರ ಒತ್ತಾಯಕ್ಕೆ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.

ನಮಸ್ಕಾರ ಎಲ್ಲರಿಗೂ. ಸೆಟ್‌ಟೈಮ್‌ಔಟ್, ಸೊನ್ನೆ. ‘ಈ ಕೋಡನ್ನು ಇಷ್ಟು ಮಿಲಿಸೆಕೆಂಡ್ ಆದ ಮೇಲೆ ಓಡಿಸು’ ಅಂತ ಬ್ರೌಸರಿಗೆ ಹೇಳುವ ಈ ಸಾಲನ್ನು ನೀವೆಲ್ಲ ಒಮ್ಮೆಯಾದರೂ ಬರೆದಿರುತ್ತೀರಿ. ಹ್ಯಾಂಡ್ಲರ್ ಒಳಗೆ, ಅಂದರೆ ಕ್ಲಿಕ್ಕಿನಂಥ ಇವೆಂಟ್ ಆದಾಗ ಬ್ರೌಸರ್ ಕರೆಯುವ ನಮ್ಮ ಫಂಕ್ಷನ್ ಒಳಗೆ, ಏನೋ ಸರಿಯಾಗುತ್ತಿರುವುದಿಲ್ಲ. ಬಾಕ್ಸಿನ ಹಳೆಯ ಬೆಲೆಯೇ (ವ್ಯಾಲ್ಯೂ) ಬರುತ್ತದೆ, ಇಲ್ಲ ಫೋಕಸ್ (ಟೈಪ್ ಮಾಡಿದ್ದು ಹೋಗಿ ಬೀಳುವ ಜಾಗ) ಹೇಳಿದ ಕಡೆ ನಿಲ್ಲುವುದಿಲ್ಲ. ಆಗ ಪಕ್ಕದಲ್ಲಿ ಕೂತವರು ‘ಅದನ್ನ ಸೆಟ್‌ಟೈಮ್‌ಔಟ್ ಒಳಗೆ ಹಾಕಿ ಸೊನ್ನೆ ಕೊಡು, ಸರಿಹೋಗುತ್ತೆ’ ಅನ್ನುತ್ತಾರೆ. ಸರಿಹೋಗುತ್ತದೆ ಕೂಡ. ಯಾಕೆ ಸರಿಹೋಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆರು ತಿಂಗಳಾದ ಮೇಲೆ ಅದೇ ಸಾಲು ಇನ್ಯಾವುದೋ ಫೋನಿನಲ್ಲಿ ಕೈಕೊಡುತ್ತದೆ. ಆಗ ಸೊನ್ನೆ ಹತ್ತಾಗುತ್ತದೆ, ಹತ್ತು ನೂರಾಗುತ್ತದೆ. ಹೀಗೆ ಏರಿಸುತ್ತಾ ಹೋಗುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಯಾಕೆಂದರೆ ಆ ತಡ ಕೊನೆಗೆ ಬೀಳುವುದು ನಮ್ಮ ಪುಟ ಬಳಸುವವರ ತಲೆಯ ಮೇಲೆ.

ಹ್ಯಾಂಡ್ಲರ್ ಮುಗಿದ ಮೇಲೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ‘ಮೇಲೆ’ಯಲ್ಲಿ ನಾಲ್ಕು ಬೇರೆ ಬೇರೆ ಹೊತ್ತುಗಳಿವೆ. ನನ್ನ ಫಂಕ್ಷನ್ ಮುಗಿದ ತಕ್ಷಣ ಅನ್ನುವುದು ಒಂದು. ಆ ಇವೆಂಟಿನ ಎಲ್ಲಾ ಹ್ಯಾಂಡ್ಲರ್‌ಗಳೂ ಮುಗಿದು, ಬ್ರೌಸರ್ ತನ್ನ ಪಾಲಿನ ಕೆಲಸವನ್ನೂ ಮಾಡಿದ ಮೇಲೆ ಅನ್ನುವುದು ಇನ್ನೊಂದು. ಪರದೆಗೆ ಬಳಿಯುವ ಮುಂಚೆ, ಬಳಿದಾದ ಮೇಲೆ ಅಂತ ಇನ್ನೆರಡು. ನಿಮಗೆ ಯಾವುದು ಬೇಕು ಅಂತ ಗೊತ್ತಿದ್ದರೆ ಯಾವ ಸಾಧನ ಬಳಸಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ನನಗೆ ಇದು ತಲೆಗೆ ಹತ್ತಿದ್ದು ಒಂದು ಅರ್ಜಿ ಫಾರಂನಿಂದ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಒಂದು ಜಾಗ, ಅದರ ಕೆಳಗೆ ಇಷ್ಟು ಅಕ್ಷರ ಆಯಿತು ಅಂತ ತೋರಿಸುವ ಲೆಕ್ಕ. ನಾನು ಕೀ ಒತ್ತಿದಾಗ ಬರುವ ಕೀಡೌನ್ ಇವೆಂಟಿಗೆ ಹ್ಯಾಂಡ್ಲರ್ ಹಾಕಿ, ಅದರೊಳಗೆ ಬಾಕ್ಸಿನ ಬೆಲೆ ಓದಿ, ಉದ್ದ ತೋರಿಸಿದ್ದೆ. ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ‘ಕನ್ನಡ’ ಅಂತ ಬರೆಯಲು ಐದು ಕೀ ಒತ್ತಬೇಕು: ಕ, ನ, ಹಲಂತ, ಇನ್ನೊಂದು ನ, ಡ. ಮೊದಲ ಕೀ ಒತ್ತಿದೆ, ಲೆಕ್ಕ 0. ಎರಡನೆಯದು ಒತ್ತಿದೆ, 1. ಪೂರ್ತಿ ಬರೆದಾಗ 4. ಯಾವಾಗಲೂ ಒಂದು ಹಿಂದೆ. (ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಉದ್ದ ಹೇಳುವ ಲೆಂತ್ ಕೊಡುವುದು 5. ಹಲಂತವನ್ನೂ ಒಂದು ಅಂತ ಎಣಿಸುವುದರಿಂದ ಹಾಗೆ. ಕನ್ನಡ ಫಾರಂ ಮಾಡುವವರು ಅಕ್ಷರದ ಮಿತಿ ಹಾಕುವಾಗ ಇದನ್ನು ದಯವಿಟ್ಟು ನೆನಪಿಡಿ, ಇಂಗ್ಲಿಷಿಗೆ ಸಾಕಾಗುವ ಮಿತಿ ಕನ್ನಡಕ್ಕೆ ಸಾಕಾಗುವುದಿಲ್ಲ.)

ಯಾಕೆ ಒಂದು ಹಿಂದೆ? ಕೀಡೌನ್ ಅಂದರೆ ಬ್ರೌಸರ್ ನಮ್ಮನ್ನು ಮೊದಲೇ ಕೇಳುವುದು: ‘ಈ ಕೀ ಒತ್ತಿದ್ದಾರೆ, ಬೇಡ ಅನ್ನುವುದಿದ್ದರೆ ಈಗಲೇ ಹೇಳು.’ ನಾವು ಪ್ರಿವೆಂಟ್‌ಡಿಫಾಲ್ಟ್ ಕರೆಯದೆ ಸುಮ್ಮನಿದ್ದರೆ, ಹ್ಯಾಂಡ್ಲರ್‌ಗಳೆಲ್ಲ ಮುಗಿದ ಮೇಲೆ ಬ್ರೌಸರ್ ಆ ಅಕ್ಷರವನ್ನು ಬಾಕ್ಸಿಗೆ ಹಾಕುತ್ತದೆ. ಅಂದರೆ ನಾನು ಓದುವ ಹೊತ್ತಿಗೆ ಅಕ್ಷರ ಇನ್ನೂ ಒಳಗೆ ಬಂದೇ ಇರುವುದಿಲ್ಲ.

ಸೆಟ್‌ಟೈಮ್‌ಔಟ್ ಸೊನ್ನೆ ಹಾಕಿದೆ. ಲೆಕ್ಕ ಸರಿಯಾಯಿತು. ಖುಷಿಯಾಗಿ ಕಳಿಸಿಬಿಟ್ಟೆ. ಒಂದು ವಾರಕ್ಕೆ ದೂರು ಬಂತು. ಮೌಸಿನಿಂದ ಪೇಸ್ಟ್ ಮಾಡಿದರೆ ಲೆಕ್ಕ ಬದಲಾಗುವುದಿಲ್ಲ, ಮಾತಾಡಿ ಟೈಪ್ ಮಾಡಿಸಿದರೂ ಬದಲಾಗುವುದಿಲ್ಲ. ಆಗುವುದಾದರೂ ಹೇಗೆ, ಅಲ್ಲಿ ಕೀಡೌನೇ ಇಲ್ಲವಲ್ಲ. ಆಂಡ್ರಾಯ್ಡ್ ಕೀಬೋರ್ಡಿನಲ್ಲಿ ಬಹಳ ಸಲ ಕೀಡೌನ್ ಬಂದರೂ ಕೀಕೋಡ್ 229 ಅಂತ ಮಾತ್ರ ಬರುತ್ತದೆ, ಯಾವ ಅಕ್ಷರ ಅಂತ ಗೊತ್ತಾಗುವುದಿಲ್ಲ. ನನಗೆ ಬೇಕಾಗಿದ್ದದ್ದು ಬೆಲೆ ಬದಲಾದ ಮೇಲೆ ಬರುವ ಇವೆಂಟ್. ಅದು ಮೊದಲಿನಿಂದಲೂ ಇತ್ತು. ಅದರ ಹೆಸರೇ ಇನ್‌ಪುಟ್. ಕೀಡೌನ್ ತೆಗೆದು ಇನ್‌ಪುಟ್ ಹಾಕಿದೆ, ಟೈಮರ್ ಕಿತ್ತುಹಾಕಿದೆ. ಪೇಸ್ಟ್, ಧ್ವನಿ, ಮೊಬೈಲ್ ಕೀಬೋರ್ಡ್ ಎಲ್ಲವೂ ಸರಿಯಾಯಿತು.

ಹಾಗಾಗಿ ‘ಮುಗಿದ ಮೇಲೆ ಓಡಿಸುವುದು ಹೇಗೆ’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇದನ್ನೇ: ನೀವು ಹಿಡಿದಿರುವುದು ಸರಿಯಾದ ಇವೆಂಟೇನಾ? ಒಂದು ಜಾಗದಿಂದ ಫೋಕಸ್ ಹೊರಟಾಗ ಬರುವ ಬ್ಲರ್ ಇವೆಂಟಿನಲ್ಲೂ ಇದೇ ಕಥೆ. ಫೋಕಸ್ ಈಗ ಎಲ್ಲಿಗೆ ಹೋಯಿತು ಅಂತ ತಿಳಿಯಲು ಬ್ಲರ್ ಒಳಗೆ ಆ್ಯಕ್ಟಿವ್‌ಎಲಿಮೆಂಟ್ ನೋಡಿದರೆ ಸಾಮಾನ್ಯವಾಗಿ ಬಾಡಿ (ಇಡೀ ಪುಟ) ಸಿಗುತ್ತದೆ, ಹೊಸ ಜಾಗ ಇನ್ನೂ ಫೋಕಸ್ ಪಡೆದಿರುವುದಿಲ್ಲ. ಜನ ಟೈಮರ್ ಹಾಕುತ್ತಾರೆ. ಆ ಇವೆಂಟಿನಲ್ಲೇ ರಿಲೇಟೆಡ್‌ಟಾರ್ಗೆಟ್ ಅಂತ ಇದೆ, ಫೋಕಸ್ ಎಲ್ಲಿಗೆ ಹೊರಟಿದೆ ಅಂತ ಅದೇ ಹೇಳುತ್ತದೆ.

ಇನ್ನು ನಿಜವಾಗಿಯೂ ಆಮೇಲೆ ಓಡಿಸಲೇಬೇಕು ಅನ್ನುವ ಸಂದರ್ಭಕ್ಕೆ ಬರೋಣ. ಅದಕ್ಕೆ ಬ್ರೌಸರ್ ಹೇಗೆ ಸಾಲು ನಡೆಸುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಊರಿನ ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಕಲ್ಲು ಒಂದೇ. ಜನ ಬಂದು ಡಬ್ಬಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಒಬ್ಬರ ರಾಗಿ ಸುರಿದ ಮೇಲೆ ಅದು ಪೂರ್ತಿ ಬೀಸಿ ಮುಗಿಯುವವರೆಗೆ ಇನ್ನೊಬ್ಬರ ಗೋಧಿ ಹಾಕುವಂತಿಲ್ಲ. ಜಾವಾಸ್ಕ್ರಿಪ್ಟ್ ಕೂಡ ಹಾಗೇ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಕಟ್ಟಿದರು. ಅವತ್ತಿನಿಂದ ಇವತ್ತಿನವರೆಗೂ ಪುಟದ ಸ್ಕ್ರಿಪ್ಟಿಗೆ ಸಿಗುವುದು ಒಂದೇ ಕಲ್ಲು. ನಿಮ್ಮ ಕ್ಲಿಕ್ ಒಂದು ಡಬ್ಬ. ಟೈಮರ್ ಒಂದು ಡಬ್ಬ. ಸರ್ವರ್‌ನಿಂದ ಬಂದ ಉತ್ತರವೂ ಒಂದು ಡಬ್ಬ. ಇವನ್ನು ಟಾಸ್ಕ್ ಅನ್ನುತ್ತಾರೆ. ಸೆಟ್‌ಟೈಮ್‌ಔಟಿಗೆ ಸೊನ್ನೆ ಕೊಟ್ಟರೆ ‘ಈಗಲೇ ಓಡಿಸು’ ಅಂತ ಅರ್ಥ ಅಲ್ಲ, ‘ನನ್ನ ಡಬ್ಬವನ್ನೂ ಸಾಲಿನಲ್ಲಿ ಇಡು’ ಅಂತ.

ಆದರೆ ಗಿರಣಿಯಲ್ಲಿ ಇನ್ನೊಂದು ನಡೆಯುತ್ತದಲ್ವಾ? ರಾಗಿ ಬೀಸಿ ಮುಗಿಯುವಷ್ಟರಲ್ಲಿ ಆ ಮನೆಯವರು ಚೀಲದ ತಳ ನೋಡಿ, ‘ಅಣ್ಣಾ, ಇನ್ನೊಂದು ಹಿಡಿ ಉಳಿದಿದೆ, ಇದನ್ನೂ ಹಾಕಿಬಿಡಿ’ ಅನ್ನುತ್ತಾರೆ. ಅದು ಸಾಲಿಗೆ ಹೋಗುವುದಿಲ್ಲ, ಆಗಲೇ ಕಲ್ಲಿಗೆ ಬೀಳುತ್ತದೆ. ಮೈಕ್ರೋಟಾಸ್ಕ್ ಅಂದರೆ ಆ ಹಿಡಿ. 2015ರಲ್ಲಿ ಭಾಷೆಯ ಸ್ಟ್ಯಾಂಡರ್ಡಿಗೆ ಪ್ರಾಮಿಸ್ ಸೇರಿತು, ಅದು ಮುಂದೆ ಸಿಗುವ ಉತ್ತರಕ್ಕೆ ಈಗಲೇ ಕೊಡುವ ಚೀಟಿಯ ಹಾಗೆ. ಅದರ ‘ದೆನ್’ ಒಳಗೆ ಕೊಟ್ಟ ಕೋಡು, ಅವೇಟ್ ಅಂತ ಪ್ರಾಮಿಸಿಗೆ ಕಾದ ಮೇಲಿನ ಕೋಡು, ಕ್ಯೂಮೈಕ್ರೋಟಾಸ್ಕಿಗೆ ಕೊಟ್ಟ ಕೋಡು, ಇವೆಲ್ಲ ಹೀಗೇ ಓಡುತ್ತವೆ. ಈಗ ಓಡುತ್ತಿರುವ ಫಂಕ್ಷನ್ ಮುಗಿದು ಕಾಲ್ ಸ್ಟ್ಯಾಕ್ (ಕರೆದು ಇನ್ನೂ ಮುಗಿಯದ ಫಂಕ್ಷನ್ನುಗಳ ಅಟ್ಟಿ) ಖಾಲಿಯಾದ ತಕ್ಷಣ, ಮುಂದಿನ ಡಬ್ಬಕ್ಕೆ ಕೈ ಹಾಕುವ ಮುಂಚೆ. ಒಂದು ಹಿಡಿ ಬೀಸುವಾಗಲೇ ಇನ್ನೊಂದು ಹಿಡಿ ತಂದರೆ ಅದೂ ಆಗಲೇ. ತರುತ್ತಲೇ ಇದ್ದರೆ ಸಾಲಿನಲ್ಲಿ ನಿಂತವರು ನಿಂತೇ ಇರುತ್ತಾರೆ. ಮೈಕ್ರೋಟಾಸ್ಕ್ ತನ್ನೊಳಗಿಂದ ಮತ್ತೆ ಮೈಕ್ರೋಟಾಸ್ಕ್ ಹಾಕಿಕೊಳ್ಳುತ್ತಾ ಹೋದರೆ ಪುಟ ಪೂರ್ತಿ ಹೆಪ್ಪುಗಟ್ಟುತ್ತದೆ, ಕ್ಲಿಕ್ಕೂ ಇಲ್ಲ, ಸ್ಕ್ರೋಲೂ ಸರಿಯಾಗಿ ಇಲ್ಲ. ಸೆಟ್‌ಟೈಮ್‌ಔಟ್ ಹಾಗೇ ತನ್ನನ್ನು ತಾನೇ ಮತ್ತೆ ಮತ್ತೆ ಕರೆದರೂ ಪುಟ ಉಸಿರಾಡುತ್ತದೆ, ಯಾಕೆಂದರೆ ಪ್ರತಿ ಸಲವೂ ಅದು ಸಾಲಿನಲ್ಲಿ ನಿಂತು ಬರುತ್ತದೆ.

ಈಗ ಆ ಕೀಡೌನ್ ಲೆಕ್ಕಕ್ಕೆ ಸೆಟ್‌ಟೈಮ್‌ಔಟ್ ಬದಲು ಪ್ರಾಮಿಸ್ ಹಾಕಿದ್ದರೆ ಏನಾಗುತ್ತಿತ್ತು? ಲೆಕ್ಕ ಮತ್ತೆ ಒಂದು ಹಿಂದೆ. ಮೈಕ್ರೋಟಾಸ್ಕ್ ನನ್ನ ಫಂಕ್ಷನ್ ಮುಗಿದ ತಕ್ಷಣ ಓಡುತ್ತದೆ, ಬ್ರೌಸರ್ ಅಕ್ಷರ ಹಾಕುವುದು ಅದಕ್ಕೂ ಆಮೇಲೆ. ‘ಪ್ರಾಮಿಸ್ ಹೊಸದು, ಟೈಮರ್ ಹಳೆಯದು, ಹಾಗಾಗಿ ಪ್ರಾಮಿಸ್ ಒಳ್ಳೆಯದು’ ಅಂತ ಬದಲಾಯಿಸಿದವರು ಇಲ್ಲೇ ಎಡವುತ್ತಾರೆ. ಅವೆರಡೂ ಬೇರೆ ಬೇರೆ ಹೊತ್ತಿಗೆ ಓಡುವ ಸಾಧನಗಳು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಬಟನ್ನಿಗೆ ಎರಡು ಕ್ಲಿಕ್ ಹ್ಯಾಂಡ್ಲರ್ ಇವೆ. ಎರಡೂ ಒಂದೊಂದು ಮೈಕ್ರೋಟಾಸ್ಕ್ ಹಾಕುತ್ತವೆ. ನೀವು ಬೆರಳಿನಿಂದ ಬಟನ್ ಒತ್ತಿದಿರಿ. ಮೊದಲ ಹ್ಯಾಂಡ್ಲರ್ ಓಡಿತು, ಮುಗಿಯಿತು, ಸ್ಟ್ಯಾಕ್ ಖಾಲಿ. ಹಾಗಾಗಿ ಅದರ ಮೈಕ್ರೋಟಾಸ್ಕ್ ಅಲ್ಲೇ ಓಡಿತು. ಆಮೇಲೆ ಎರಡನೆಯ ಹ್ಯಾಂಡ್ಲರ್, ಅದರ ಮೈಕ್ರೋಟಾಸ್ಕ್. ಈಗ ಅದೇ ಬಟನ್ನನ್ನು ಟೆಸ್ಟ್ ಬರೆಯುವಾಗ ಮಾಡುವ ಹಾಗೆ ಸ್ಕ್ರಿಪ್ಟಿನಿಂದ ಕ್ಲಿಕ್ ಮಾಡಿಸಿ. ಈ ಸಲ ಎರಡೂ ಹ್ಯಾಂಡ್ಲರ್ ಮೊದಲು ಓಡುತ್ತವೆ, ಮೈಕ್ರೋಟಾಸ್ಕ್‌ಗಳು ಎರಡೂ ಕೊನೆಗೆ. ಯಾಕೆಂದರೆ ಕ್ಲಿಕ್ ಮಾಡಿಸಿದ ನಿಮ್ಮ ಸ್ಕ್ರಿಪ್ಟ್ ಇನ್ನೂ ಸ್ಟ್ಯಾಕಿನ ತಳದಲ್ಲಿ ಕೂತಿದೆ, ಅದು ಮುಗಿಯದೆ ಸ್ಟ್ಯಾಕ್ ಖಾಲಿಯಾಗುವುದಿಲ್ಲ. ಟೆಸ್ಟಿನಲ್ಲಿ ಪಾಸಾದದ್ದು ಬಳಸುವವರ ಕೈಯಲ್ಲಿ ಬೇರೆ ಥರ ನಡೆಯುವುದಕ್ಕೆ ಇದೂ ಒಂದು ಕಾರಣ. ಒಂದು ಹ್ಯಾಂಡ್ಲರ್ ಇನ್ನೊಂದರ ಮೈಕ್ರೋಟಾಸ್ಕಿಗಿಂತ ಮೊದಲೇ ಓಡುತ್ತದೆ ಅಂತ ನಂಬಿಕೊಂಡು ಕೋಡ್ ಬರೆಯಬೇಡಿ.

ಬ್ರೌಸರ್ ತನ್ನ ಕೆಲಸ ಮುಗಿಸಿದ ಮೇಲೆ ಅನ್ನುವ ಹೊತ್ತು ಚೆಕ್‌ಬಾಕ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಚೆಕ್‌ಬಾಕ್ಸ್ ಒತ್ತಿದಾಗ ಬ್ರೌಸರ್ ಮೊದಲು ಟಿಕ್ ಬದಲಾಯಿಸಿ, ಆಮೇಲೆ ನಿಮ್ಮ ಕ್ಲಿಕ್ ಹ್ಯಾಂಡ್ಲರ್ ಕರೆಯುತ್ತದೆ. ನೀವು ಪ್ರಿವೆಂಟ್‌ಡಿಫಾಲ್ಟ್ ಕರೆದರೆ, ಎಲ್ಲಾ ಹ್ಯಾಂಡ್ಲರ್ ಮುಗಿದ ಮೇಲೆ ಟಿಕ್ಕನ್ನು ಹಳೆಯ ಸ್ಥಿತಿಗೆ ತರುತ್ತದೆ. ನಡುವೆ ಹ್ಯಾಂಡ್ಲರ್ ಒಳಗೆ ನೀವೇ ಕೈಯಾರೆ ಟಿಕ್ ಹಾಕಿದ್ದರೂ ಅದು ಉಳಿಯುವುದಿಲ್ಲ, ಅಳಿಸಿಹೋಗುತ್ತದೆ. ಇದರ ಹಿಂದೆ ಎರಡು ಗಂಟೆ ಕಳೆದವರು ಈ ಕೋಣೆಯಲ್ಲೇ ಮೂರು ಜನ ಕೈ ಎತ್ತಿದರು. ಪ್ರಿವೆಂಟ್‌ಡಿಫಾಲ್ಟ್ ನಿಜಕ್ಕೂ ಬೇಕೇ ಅಂತ ಮೊದಲು ನೋಡಿ. ಬೇಕೇ ಬೇಕು ಅಂದ್ರೆ ಟಿಕ್ ಹಾಕುವ ಸಾಲನ್ನು ಮುಂದಿನ ಟಾಸ್ಕಿಗೆ ತಳ್ಳಿ.

ಸರಿ, ಈಗ ಪರದೆ. ನನ್ನ ಪ್ರಕಾರ ಬಳಸುವವರಿಗೆ ಅತಿ ಜಾಸ್ತಿ ತೊಂದರೆ ಕೊಡುವುದು ಇದು.

ಒಬ್ಬ ಶಿಕ್ಷಕಿ ಅಂಕಪಟ್ಟಿಯ ಪುಟ ತೆರೆದಿದ್ದಾರೆ ಅಂದುಕೊಳ್ಳಿ. 3000 ಸಾಲು. ‘ಲೆಕ್ಕ ಹಾಕು’ ಬಟನ್ ಒತ್ತುತ್ತಾರೆ. ಹ್ಯಾಂಡ್ಲರಿನ ಮೊದಲ ಸಾಲಿನಲ್ಲಿ ನೀವು ‘ದಯವಿಟ್ಟು ಕಾಯಿರಿ’ ಅಂತ ಬರೆಸಿದ್ದೀರಿ, ಎರಡನೆಯ ಸಾಲಿನಲ್ಲಿ ಒಂದೂವರೆ ಸೆಕೆಂಡ್ ಹಿಡಿಯುವ ಲೆಕ್ಕ. ಅವರಿಗೆ ‘ಕಾಯಿರಿ’ ಕಾಣುವುದೇ ಇಲ್ಲ. ಬಟನ್ ಒತ್ತಿದ್ದಕ್ಕೆ ಗುರುತೂ ಇಲ್ಲ. ಅವರು ಇನ್ನೊಂದು ಸಲ ಒತ್ತುತ್ತಾರೆ. ಮತ್ತೊಂದು ಸಲ ಒತ್ತುತ್ತಾರೆ. ಆ ಕ್ಲಿಕ್‌ಗಳೆಲ್ಲ ಡಬ್ಬಗಳಾಗಿ ಸಾಲಿನಲ್ಲಿ ಕೂತು, ಆಮೇಲೆ ಲೆಕ್ಕ ಮೂರು ಸಲ ನಡೆಯುತ್ತದೆ. ಬ್ರೌಸರ್ ಪರದೆಗೆ ಬಳಿಯುವುದು ನಮ್ಮ ಕೋಡು ಕಲ್ಲು ಬಿಟ್ಟುಕೊಟ್ಟ ಮೇಲೇ, ನಡುವೆ ಅಲ್ಲ.

ಇಲ್ಲಿ ಪ್ರಾಮಿಸ್ ಹಾಕಿದರೆ ಉಪಯೋಗ ಇಲ್ಲ, ಮೈಕ್ರೋಟಾಸ್ಕ್ ಪೇಂಟಿಗೆ, ಅಂದರೆ ಪರದೆಗೆ ಬಳಿಯುವುದಕ್ಕೆ, ಮುಂಚೆಯೇ ಓಡಿಬಿಡುತ್ತದೆ. ಸೆಟ್‌ಟೈಮ್‌ಔಟ್ ಸೊನ್ನೆ? ಒಂದೊಂದು ಸಲ ಆಗುತ್ತದೆ, ಒಂದೊಂದು ಸಲ ಇಲ್ಲ. 60 ಹರ್ಟ್ಸ್ ಪರದೆಯಲ್ಲಿ ಎರಡು ಪೇಂಟ್ ನಡುವೆ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ, ಅಷ್ಟರೊಳಗೆ ಟೈಮರ್ ಮೊದಲು ಬಂದುಬಿಡಬಹುದು. ರಿಕ್ವೆಸ್ಟ್‌ಆ್ಯನಿಮೇಷನ್‌ಫ್ರೇಮ್ ಹಾಕಿದರೆ ಪೇಂಟ್ ಆದಮೇಲೆ ಓಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಓಡುವುದು ಮುಂದಿನ ಪೇಂಟಿಗೆ ಸ್ವಲ್ಪ ಮುಂಚೆ. ಅಲ್ಲಿ ಭಾರಿ ಲೆಕ್ಕ ಇಟ್ಟರೆ ಆ ಪೇಂಟೇ ತಡವಾಗುತ್ತದೆ. ಎರಡನ್ನೂ ಸೇರಿಸಿದರೆ ಕೆಲಸ ಆಗುತ್ತದೆ: ಆ್ಯನಿಮೇಷನ್‌ಫ್ರೇಮ್ ಕೇಳಿ, ಅದರೊಳಗಿಂದ ಸೆಟ್‌ಟೈಮ್‌ಔಟ್ ಸೊನ್ನೆ. ಮೊದಲನೆಯದು ಪೇಂಟಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಎರಡನೆಯದು ಸಾಮಾನ್ಯವಾಗಿ ಆ ಪೇಂಟ್ ದಾಟಿದ ಮೇಲೆ ಓಡುತ್ತದೆ. ‘ಕಾಯಿರಿ’ ಕಾಣುತ್ತದೆ, ಆಮೇಲೆ ಲೆಕ್ಕ. ಜೊತೆಗೆ ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ಬಟನ್ ಡಿಸೇಬಲ್ ಮಾಡಿ. ಒಂದು ಎಚ್ಚರಿಕೆ: ಟ್ಯಾಬ್ ಮರೆಯಲ್ಲಿದ್ದರೆ ಆ್ಯನಿಮೇಷನ್‌ಫ್ರೇಮ್ ನಿಂತುಬಿಡುತ್ತದೆ, ಪರದೆಗೆ ಸಂಬಂಧ ಇಲ್ಲದ ಕೆಲಸವನ್ನು ಅದಕ್ಕೆ ಕಟ್ಟಬೇಡಿ.

ಬಟನ್ ಒತ್ತಿದ್ದಕ್ಕೂ ಪರದೆ ಬದಲಾದದ್ದಕ್ಕೂ ನಡುವಿನ ಈ ತಡವನ್ನು ಅಳೆಯುವ ಐಎನ್‌ಪಿ (ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್) ಅನ್ನುವ ಅಳತೆಯನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಪುಟ ಬಳಸಲು ಎಷ್ಟು ಹಿತ ಅಂತ ಅಳೆಯುವ ತನ್ನ ಕೋರ್ ವೆಬ್ ವೈಟಲ್ಸ್‌ಗೆ ಸೇರಿಸಿತು. 200 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನಾಗಿದೆ, 500 ದಾಟಿದರೆ ಕೆಟ್ಟದ್ದು ಅಂತ ಅದರ ಲೆಕ್ಕ. ಆ ಶಿಕ್ಷಕಿಯ ಒಂದೂವರೆ ಸೆಕೆಂಡನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಲೆಕ್ಕವನ್ನು ಆಮೇಲಕ್ಕೆ ತಳ್ಳಿದರೂ ಆ ಒಂದೂವರೆ ಸೆಕೆಂಡ್ ಪುಟ ಅಲುಗಾಡುವುದಿಲ್ಲ. ಅದಕ್ಕೆ ಕೆಲಸವನ್ನು ತುಂಡು ಮಾಡಬೇಕು. ಆದರೆ ಒಂದೊಂದು ಸಾಲಿಗೂ ಒಂದೊಂದು ಸೆಟ್‌ಟೈಮ್‌ಔಟ್ ಸೊನ್ನೆ ಅಂತ ಸರಪಳಿ ಕಟ್ಟಬೇಡಿ. ಟೈಮರ್ ಒಳಗೆ ಟೈಮರ್ ಅಂತ ಐದು ಹಂತ ದಾಟಿದರೆ ಕನಿಷ್ಠ 4 ಮಿಲಿಸೆಕೆಂಡ್ ಕಾಯಿಸಬೇಕು ಅಂತ ಎಚ್‌ಟಿಎಂಎಲ್ ಸ್ಟ್ಯಾಂಡರ್ಡಿನಲ್ಲೇ ಬರೆದಿದೆ. 3000 ಸಾಲಿಗೆ 4ರಂತೆ 12 ಸೆಕೆಂಡ್ ಸುಮ್ನೆ ಕಾಯುವುದರಲ್ಲೇ ಹೋಗುತ್ತದೆ. ಅವರು ಬೇರೆ ಟ್ಯಾಬಿಗೆ ಹೋದರೆ ಇನ್ನೂ ಕಷ್ಟ. ಮರೆಯಲ್ಲಿರುವ ಟ್ಯಾಬಿನ ಟೈಮರನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ ಒಂದಕ್ಕೆ ಇಳಿಸುತ್ತವೆ, ಆಗ 3000 ಸಾಲಿಗೆ 50 ನಿಮಿಷ. ಬದಲಿಗೆ ಗಡಿಯಾರ ನೋಡಿಕೊಂಡು, 50 ಮಿಲಿಸೆಕೆಂಡ್ ದಾಟದ ಹಾಗೆ ಎಷ್ಟು ಸಾಲು ಆಗುತ್ತದೋ ಅಷ್ಟು ಮುಗಿಸಿ, ಆಮೇಲೆ ಒಂದು ಸಲ ಕಲ್ಲು ಬಿಟ್ಟುಕೊಡಿ.

ಆ 4 ಮಿಲಿಸೆಕೆಂಡ್ ತಪ್ಪಿಸಲು ಜನ ಬಹಳ ದಾರಿ ಹುಡುಕಿದ್ದಾರೆ. 2010ರಲ್ಲಿ ಮೊಜಿಲ್ಲಾದ ಡೇವಿಡ್ ಬ್ಯಾರನ್ ಪೋಸ್ಟ್‌ಮೆಸೇಜ್ ಬಳಸಿ ತಡವಿಲ್ಲದ ಟೈಮರ್ ಮಾಡುವುದನ್ನು ತೋರಿಸಿದರು. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ಸೆಟ್‌ಇಮಿಡಿಯೇಟ್ ಅಂತ ಕೊಟ್ಟಿತು, ಅದು ವೆಬ್ ಸ್ಟ್ಯಾಂಡರ್ಡ್ ಆಗಲೇ ಇಲ್ಲ. ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಒಳಗೆ ಇವತ್ತಿಗೂ ಮೆಸೇಜ್‌ಚಾನಲ್ ಇದೇ ಕೆಲಸ ಮಾಡುತ್ತದೆ. 2024ರಲ್ಲಿ ಕ್ರೋಮ್ 129ಕ್ಕೆ ಬಂದ ಷೆಡ್ಯೂಲರ್ ಯೀಲ್ಡ್ ನನಗೆ ಬಹಳ ಇಷ್ಟ. ಅದನ್ನು ಅವೇಟ್ ಮಾಡಿದರೆ ಕಲ್ಲು ಬಿಟ್ಟುಕೊಟ್ಟ ಹಾಗಾಗುತ್ತದೆ, ಆದರೆ ನಿಮ್ಮ ಉಳಿದ ಕೆಲಸ ಸಾಲಿನ ಕೊನೆಗೆ ಹೋಗುವುದಿಲ್ಲ, ಉಳಿದ ಟೈಮರ್‌ಗಳಿಗಿಂತ ಮುಂದೆಯೇ ಇರುತ್ತದೆ. ಅದು ಇಲ್ಲದ ಬ್ರೌಸರಿಗೆ ಸೆಟ್‌ಟೈಮ್‌ಔಟ್ ಇರುವ ಪ್ರಾಮಿಸ್ ಕೊಡುವ ಎರಡು ಸಾಲು ಬರೆದಿಟ್ಟುಕೊಳ್ಳಿ.

ಆಮೇಲೆ ಓಡುವ ಕೋಡಿಗೆ ಕೆಲವು ಹಕ್ಕು ಇರುವುದಿಲ್ಲ. ಹ್ಯಾಂಡ್ಲರ್ ಒಳಗೆ ಸರ್ವರಿಗೆ ಕೇಳಿ ಅವೇಟ್ ಮಾಡಿ, ಉತ್ತರ ಬಂದ ಮೇಲೆ ಪ್ರಿವೆಂಟ್‌ಡಿಫಾಲ್ಟ್ ಕರೆದರೆ ಏನೂ ಆಗುವುದಿಲ್ಲ, ಫಾರಂ ಅಷ್ಟೊತ್ತಿಗೆ ಹೊರಟುಹೋಗಿರುತ್ತದೆ. ಮೊದಲು ತಡೆಯಿರಿ, ಆಮೇಲೆ ಕೇಳಿ. ಹ್ಯಾಂಡ್ಲರ್ ಯಾವುದಕ್ಕೆ ಕಟ್ಟಿದೆ ಅಂತ ಹೇಳುವ ಕರೆಂಟ್‌ಟಾರ್ಗೆಟ್ ಕೂಡ ಆ ಹೊತ್ತಿಗೆ ನಲ್ (ಖಾಲಿ) ಆಗಿರುತ್ತದೆ, ಬೇಕಿದ್ದರೆ ಮೊದಲೇ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಹೊಸ ವಿಂಡೋ ತೆರೆಯುವುದನ್ನು ತುಂಬಾ ತಡ ಮಾಡಿದರೆ ಬ್ರೌಸರ್ ತಡೆಯುತ್ತದೆ. ಟೈಮರ್ ಇಟ್ಟರೆ ಅದರ ಐಡಿ ಉಳಿಸಿಕೊಳ್ಳಿ, ಆ ಭಾಗ ಪುಟದಿಂದ ಹೋದಾಗ ರದ್ದು ಮಾಡಬಹುದು. ಮೈಕ್ರೋಟಾಸ್ಕನ್ನು ರದ್ದು ಮಾಡಲು ಆಗುವುದಿಲ್ಲ. ಹೊಸಬರಿಗೆ ಒಂದು ಮಾತು: ಫಂಕ್ಷನ್ನಿನ ಹೆಸರಿನ ಕೊನೆಗೆ ಆವರಣ ಚಿಹ್ನೆ ಹಾಕಿ ಸೆಟ್‌ಟೈಮ್‌ಔಟಿಗೆ ಕೊಟ್ಟರೆ ಅದು ಈಗಲೇ ಓಡಿಬಿಡುತ್ತದೆ. ಬರೀ ಹೆಸರು ಕೊಡಿ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: ‘ಸರ್, ಹಾಗಾದ್ರೆ ಹ್ಯಾಂಡ್ಲರ್ ಒಳಗೆ ಸೆಟ್‌ಟೈಮ್‌ಔಟ್ ಸೊನ್ನೆ ಹಾಕೋದು ಯಾವಾಗಲೂ ತಪ್ಪಾ?’

ಅಲ್ಲ. ಫಾರಂನ ರೀಸೆಟ್ ತೆಗೆದುಕೊಳ್ಳಿ. ರೀಸೆಟ್ ಇವೆಂಟ್ ಬರುವುದು ಬಾಕ್ಸ್‌ಗಳು ಖಾಲಿಯಾಗುವ ಮುಂಚೆ. ನನ್ನ ಆ ಅಕ್ಷರ ಲೆಕ್ಕವನ್ನು ರೀಸೆಟ್ ಆದಾಗ ಮತ್ತೆ ಎಣಿಸಬೇಕು, ಆದರೆ ರೀಸೆಟ್‌ನಿಂದ ಬೆಲೆ ಬದಲಾದಾಗ ಇನ್‌ಪುಟ್ ಇವೆಂಟ್ ಬರುವುದಿಲ್ಲ, ‘ರೀಸೆಟ್ ಮುಗಿಯಿತು’ ಅಂತ ಬೇರೆ ಇವೆಂಟೂ ಇಲ್ಲ. ಮೈಕ್ರೋಟಾಸ್ಕ್ ಹಾಕಿದರೆ, ಬಟನ್ ಒತ್ತಿದಾಗ ಹಳೆಯ ಬೆಲೆ ಸಿಗುತ್ತದೆ, ಸ್ಕ್ರಿಪ್ಟಿನಿಂದ ರೀಸೆಟ್ ಮಾಡಿದಾಗ ಹೊಸ ಬೆಲೆ. ಮುಂದಿನ ಟಾಸ್ಕಿಗೆ ತಳ್ಳಿದರೆ ಎರಡೂ ಸಲ ಹೊಸ ಬೆಲೆಯೇ. ಹಾಗಾಗಿ ನನ್ನ ಫಾರಂನಲ್ಲಿ ಇವತ್ತಿಗೂ ಒಂದು ಸೆಟ್‌ಟೈಮ್‌ಔಟ್ ಸೊನ್ನೆ ಇದೆ. ಅದರ ಮೇಲಿನ ಸಾಲಿನಲ್ಲಿ ಹೀಗೆ ಕಾಮೆಂಟ್ ಬರೆದಿದ್ದೇನೆ: ‘ಬ್ರೌಸರ್ ಬಾಕ್ಸ್‌ಗಳನ್ನು ಖಾಲಿ ಮಾಡಿದ ಮೇಲೆ ಎಣಿಸಬೇಕು, ಅದಕ್ಕೆ.’